ಬಿಎಂಐ ನೋಡ್ಕೊಳ್ಳೋದು ಹೇಗೆ? ನಮ್ಮೋರಿಗೆ ಗೆರೆ 25 ಅಲ್ಲ, 23

ನಮ್ಮ ಚಿಕ್ಕಪ್ಪ ನೋಡೋಕೆ ಸಣಕಲು, ಕೈಕಾಲು ಕಡ್ಡಿ ಥರ, ಐದಡಿ ಆರಿಂಚು ಎತ್ತರ, 62 ಕೆಜಿ ತೂಕ. ಊರಲ್ಲಿ ಹೆಲ್ತ್ ಕ್ಯಾಂಪ್ ಹಾಕಿದಾಗ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋ ಲೆಕ್ಕ) 22, ನಾರ್ಮಲ್ ಅಂತ ಚೀಟಿ ಬರೆದುಕೊಟ್ರು, ಅದೇ ವಾರ ಬೇರೆ ಕಡೆ ಖಾಲಿ ಹೊಟ್ಟೇಲಿ ಶುಗರ್ ಚೆಕ್ ಮಾಡಿಸಿದ್ರೆ 148, ಅಂದ್ರೆ ಜಾಸ್ತಿ! ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಬರೀತಿದೀನಿ.

ಲೆಕ್ಕ ಸುಲಭ. ತೂಕ ಕೆಜಿಲಿ, ಎತ್ತರ ಮೀಟರಲ್ಲಿ ಇರಬೇಕು, ಮೊಬೈಲ್ ಕ್ಯಾಲ್ಕುಲೇಟರಲ್ಲಿ ತೂಕನ ಎತ್ತರದಿಂದ ಎರಡು ಸಲ ಭಾಗಿಸಿ, ಮುಗೀತು. ಚಿಕ್ಕಪ್ಪನ ಐದಡಿ ಆರಿಂಚು ಅಂದ್ರೆ 1.676 ಮೀಟರ್, 62 ÷ 1.676 ÷ 1.676, ಬರೋದು 22.

ತುಂಬಾ ಜನ ಎಡವೋದು ಅಡಿ ಇಂಚಲ್ಲಿ. ಐದಡಿ ಹತ್ತಿಂಚು ಅಂದ್ರೆ 5.10 ಅಡಿ ಅಲ್ಲ ಕಣ್ರೀ, ಅದು 70 ಇಂಚು, ಅದನ್ನ 2.54ರಿಂದ ಗುಣಿಸಿದ್ರೆ 177.8 ಸೆಂಟಿಮೀಟರ್, ಅಂದ್ರೆ 1.778 ಮೀಟರ್. 75 ಕೆಜಿ ಇರೋರಿಗೆ ಸರಿಯಾಗಿ ಹಾಕಿದ್ರೆ 23.7 ಬರತ್ತೆ, 5.10 ಅಂತ ಹಾಕಿದ್ರೆ 31 ಬಂದು ಎದೆ ಧಸಕ್ ಅನ್ನತ್ತೆ. ಎತ್ತರ ಅಳೆಯೋವಾಗ ಚಪ್ಪಲಿ ಬಿಟ್ಟು ಹಿಮ್ಮಡಿ ಗೋಡೆಗೆ ತಾಗಿಸಿ ನಿಂತ್ಕೊಂಡು, ತಲೆ ಮೇಲೆ ಒಂದು ಗಟ್ಟಿ ಪುಸ್ತಕ ಅಡ್ಡ ಇಡ್ಸಿ ಪೆನ್ಸಿಲ್ ಗುರುತು ಹಾಕ್ಸಿ. ತೂಕ ಬೆಳಗ್ಗೆ ಖಾಲಿ ಹೊಟ್ಟೇಲಿ ನೋಡಿ.

ಈಗ ಮುಖ್ಯ ವಿಷ್ಯ. ನೆಟ್ಟಲ್ಲಿ ಸಿಗೋ ಚಾರ್ಟಲ್ಲಿ ಹೆಚ್ಚಾಗಿ 18.5ರಿಂದ 24.9 ನಾರ್ಮಲ್ ಅಂತಿರತ್ತೆ. 2009ರಲ್ಲಿ ನಮ್ಮ ದೇಶದ ಡಾಕ್ಟರುಗಳೇ ಸೇರಿ ಭಾರತೀಯರಿಗೆ ಅಂತ ಬೇರೆ ಗೆರೆ ಹಾಕಿದಾರೆ, 18ರಿಂದ 22.9 ನಾರ್ಮಲ್, 23ರಿಂದ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು. ಯಾಕಂದ್ರೆ ಅಷ್ಟೇ ಬಿಎಂಐ ಇದ್ರೂ ನಮ್ಮ ಮೈಯಲ್ಲಿ ಕೊಬ್ಬು ಜಾಸ್ತಿ, ಮಾಂಸಖಂಡ ಕಮ್ಮಿ, ಆ ಕೊಬ್ಬೂ ಹೊಟ್ಟೆ ಸುತ್ತನೇ ಕೂರತ್ತೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತೆ ಅವರ ಬ್ರಿಟಿಷ್ ಗೆಳೆಯ ಡಾಕ್ಟರ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ತಮ್ಮಿಬ್ಬರ ಫೋಟೋನೇ ಹಾಕಿದ್ರು. ಇಬ್ಬರದ್ದೂ ಬಿಎಂಐ 22.3, ಆದ್ರೆ ಮೈಯ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2!

ಬಿಎಂಐಗೆ ತೂಕ, ಎತ್ತರ ಎರಡೇ ಗೊತ್ತು, ಹೊಟ್ಟೆ ಕಾಣಲ್ಲ. ಈ ಲೆಕ್ಕ ಕಂಡುಹಿಡಿದ ಕ್ವೆಟಲೆ ಡಾಕ್ಟರೇ ಅಲ್ಲ, 1830ರ ದಶಕದ ಬೆಲ್ಜಿಯಂ ಗಣಿತದೋರು, ಜನಸಮೂಹದ ಸರಾಸರಿ ನೋಡೋಕೆ ಮಾಡಿದ್ದು. ಹಾಗಾಗಿ ಟೇಲರ್ ಟೇಪೂ ತಗೊಳ್ಳಿ. ಕೊನೇ ಪಕ್ಕೆಲುಬು, ಸೊಂಟದ ಮೂಳೆಯ ಮೇಲಿನ ತುದಿ, ಇವೆರಡರ ನಡುವೆ ಬರಿಮೈ ಮೇಲೆ ಸುತ್ತಿ, ಉಸಿರು ಸಹಜವಾಗಿ ಬಿಟ್ಟು ಓದಿ, ಹೊಟ್ಟೆ ಒಳಗೆ ಎಳ್ಕೋಬೇಡಿ. ಪ್ಯಾಂಟಿನ ಸೈಜು ನಂಬಬೇಡಿ, ಹೊಟ್ಟೆ ಕೆಳಗೆ ಕಟ್ಟೋರಿಗೆ ಅದು ಯಾವತ್ತೂ ಕಮ್ಮೀನೇ ತೋರ್ಸತ್ತೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಚಿಕ್ಕಪ್ಪಂದು 38 ಇಂಚು, ಅಂದ್ರೆ 96ರ ಮೇಲೆ!

ಗರ್ಭಿಣಿಯರಿಗೆ ಈ ಲೆಕ್ಕ ಹಾಕಬೇಡಿ, ಮಕ್ಕಳಿಗೆ ವಯಸ್ಸಿನ ಚಾರ್ಟೇ ಬೇರೆ, ಮಕ್ಕಳ ಡಾಕ್ಟರ ಹತ್ರ ಇರತ್ತೆ. ಜಿಮ್ಮಲ್ಲಿ ಮೈ ಬೆಳೆಸಿದೋರಿಗೆ ಬಿಎಂಐ ಸುಮ್ಮನೆ ಜಾಸ್ತಿ ತೋರಬಹುದು. ವಯಸ್ಸಾದೋರಲ್ಲಿ ಮಾಂಸಖಂಡ ಕರಗಿ ನಂಬರ್ ಚೆನ್ನಾಗೇ ಕಾಣಬಹುದು, ಅವರು ಕುರ್ಚಿಯಿಂದ ಕೈ ಊರದೆ ಏಳ್ತಾರಾ ನೋಡಿ.

23 ದಾಟಿದ್ರೆ, ಅಥವಾ ಸೊಂಟ ದಾಟಿದ್ರೆ, ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರೂ ಚೆಕ್ ಮಾಡಿಸಿ ಡಾಕ್ಟರಿಗೆ ತೋರ್ಸಿ. ಚಿಕ್ಕಪ್ಪ ಈಗ ರಾತ್ರಿ ಅನ್ನ ಅರ್ಧ ಮಾಡಿ, ಮಾತ್ರೆ ತಗೊಂಡು, ದಿನಾ ಕೆರೆ ಏರಿ ಮೇಲೆ ನಡೀತಾರೆ. ತೂಕ ಇಳಿದಿದ್ದು ಎರಡೇ ಕೆಜಿ, ಸೊಂಟ ಮಾತ್ರ 36 ಇಂಚಿಗೆ ಬಂದಿದೆ, ಇನ್ನು ಅರ್ಧ ಇಂಚು ಬಾಕಿ.