ಜನರನ್ನು ಕರೆಯುವ ಮೊದಲು ಟ್ರ್ಯಾಕ್ಟರ್ ಗೊತ್ತು ಮಾಡಿ

ಬೇಲೂರಿನ ಆಚೆ ನಮ್ಮದೊಂದು ಸಣ್ಣ ಊರು. ಕೆಲವು ವರ್ಷಗಳ ಹಿಂದೆ ಅಲ್ಲಿ ಪಂಚಾಯಿತಿಯವರು ಕೆರೆ ಸ್ವಚ್ಛ ಮಾಡುವ ಶ್ರಮದಾನ ಇಟ್ಟುಕೊಂಡರು. ಭಾನುವಾರ ಬೆಳಗ್ಗೆ 7ಕ್ಕೆ ಐವತ್ತು ಅರವತ್ತು ಜನ ಸೇರಿದೆವು. ಮೊಣಕಾಲುದ್ದ ಕೆಸರಲ್ಲಿ ನಿಂತು ಜೊಂಡು ಕಿತ್ತು ಏರಿ ಪಕ್ಕ ಗುಡ್ಡೆ ಹಾಕಿದೆವು. ಫೋಟೊ ಆಯಿತು, ಉಪ್ಪಿಟ್ಟೂ ಆಯಿತು. ‘ನಾಳೆ ಟ್ರ್ಯಾಕ್ಟರ್ ಬಂದು ಎಲ್ಲ ಸಾಗಿಸುತ್ತೆ’ ಎಂದರು. ಬರಲಿಲ್ಲ. ಹತ್ತು ದಿನಕ್ಕೆ ಮುಂಗಾರು ಹಿಡಿಯಿತು. ಅರ್ಧ ಜೊಂಡು ಜಾರಿ ವಾಪಸ್ ಕೆರೆಗೇ ಹೋಯಿತು.

ಮುಂದಿನ ಸಲ ಆಟೊಗೆ ಮೈಕ್ ಕಟ್ಟಿಕೊಂಡು ಊರೆಲ್ಲ ಸುತ್ತಿದರು. ಬಂದವರು ನಾಲ್ಕು ಜನ. ಅದರಲ್ಲಿ ಇಬ್ಬರು ಪಂಚಾಯಿತಿ ಸದಸ್ಯರೇ.

‘ಜನಕ್ಕೆ ಆಸಕ್ತಿ ಇಲ್ಲ’ ಎಂದು ಅವತ್ತು ಒಬ್ಬರು ಗೊಣಗಿದರು. ನಾನು ಒಪ್ಪಲಿಲ್ಲ. ಮಲೆನಾಡಿನ ಕಡೆ ಗದ್ದೆ ನಾಟಿಗೆ ಮುಯ್ಯಾಳು ಹೋಗುವುದು ಎಷ್ಟು ಹಳೆಯದು! ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ದುಡ್ಡಿಲ್ಲ, ಆದರೆ ಲೆಕ್ಕ ಇದೆ. ಪಂಚಾಯಿತಿ ಕರೆಯುವ ಶ್ರಮದಾನದಲ್ಲಿ ಕಾಣೆಯಾಗಿರುವುದು ಈ ಮುಯ್ಯಿಯೇ. ಜನ ಬಂದು ದುಡಿದು ಹೋಗುತ್ತಾರೆ, ಪಂಚಾಯಿತಿ ತನ್ನ ಪಾಲು ತೀರಿಸುವುದಿಲ್ಲ. ಅದನ್ನು ಸರಿ ಮಾಡುವುದು ಹೇಗೆ ಎಂಬುದಷ್ಟೇ ಈ ಲೇಖನ. ಅಧ್ಯಕ್ಷರು, ಸದಸ್ಯರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಯಾರು ಬೇಕಾದರೂ ಶುರು ಮಾಡಬಹುದು.

1. ಕೆಲಸವನ್ನು ಚೀಟಿಯಲ್ಲಿ ಬರೆಯಿರಿ

‘ಊರ ಸೇವೆಗೆ ಬನ್ನಿ’ ಎಂದರೆ ಯಾರಿಗೂ ಏನೂ ಅರ್ಥ ಆಗುವುದಿಲ್ಲ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ 6 ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಲೇಬೇಕು. ಅಲ್ಲಿ ಬರೀ ಮನೆ, ಚರಂಡಿ ಅರ್ಜಿ ತಗೊಂಡು ಎದ್ದು ಬರಬೇಡಿ. ‘ಸಾಮಾನು ನಾವು ಕೊಟ್ಟರೆ ನಿಮ್ಮ ಬೀದೀಲಿ ನೀವೇ ಮಾಡ್ಕೋಬಹುದಾದ ಕೆಲಸ ಯಾವುದು?’ ಎಂದು ಕೇಳಿ. ಬಂದ ಉತ್ತರಗಳನ್ನು ಚೂರು ಚೂರು ಮಾಡಿ ಬರೆದುಕೊಳ್ಳಿ. ಒಂದು ಚೀಟಿ ಹೀಗಿರಲಿ:

‘ಕೋಡಿಯಿಂದ ಆಲದ ಮರದವರೆಗೆ ಏರಿ ಮೇಲಿನ ಲಂಟಾನ ಸವರುವುದು. 6 ಜನ. 2 ಗಂಟೆ. 3 ಮಚ್ಚು, 2 ಗುದ್ದಲಿ, 6 ಜೊತೆ ಕೈಗವಸು. ಏರಿ ಅಗೆಯಬಾರದು.’

ಕೊನೇ ಸಾಲನ್ನು ಸುಮ್ನೆ ಬರೆದಿಲ್ಲ. ಹುರುಪಿನಲ್ಲಿ ಬೇರು ಕೀಳಲು ಹೋಗಿ ಏರಿಯನ್ನೇ ಸಡಿಲ ಮಾಡಿಬಿಡುತ್ತಾರೆ. ಹೂಳೆತ್ತುವುದು, ತೂಬು ರಿಪೇರಿ ಇವೆಲ್ಲ ಎಂಜಿನಿಯರ್ ನೋಡಬೇಕಾದ ಕೆಲಸ.

ಹಾಗೆಯೇ, ಕೂಲಿ ಕೊಟ್ಟು ಮಾಡಿಸಬೇಕಾದ್ದನ್ನು ಶ್ರಮದಾನಕ್ಕೆ ತಳ್ಳಬೇಡಿ. ಕಸದ ಗಾಡಿಯವರ ದಿನದ ಕೆಲಸ, ನೀರುಗಂಟಿಯ ಕೆಲಸ ಅವರವರದೇ. ಶೌಚಗುಂಡಿಗೆ, ಒಳಚರಂಡಿಗೆ ರಕ್ಷಣೆಯಿಲ್ಲದೆ ಯಾರನ್ನಾದರೂ ಇಳಿಸುವುದು ಮಲ ಹೊರುವ ಪದ್ಧತಿ ತಡೆಯುವ 2013ರ ಕಾನೂನಿನ ಪ್ರಕಾರ ಅಪರಾಧ. ಅವರು ಖುಷಿಯಿಂದ ಇಳಿದರೂ ಅಷ್ಟೇ. ಇನ್ನು, ಪುಕ್ಕಟೆ ದುಡಿದವರ ಹೆಸರನ್ನು ಕೂಲಿ ಹಾಜರಾತಿಯಲ್ಲಿ ಸೇರಿಸಿ ಬಿಲ್ ಮಾಡುವ ಬುದ್ಧಿವಂತಿಕೆ ಯಾರಿಗೂ ಬಾರದಿರಲಿ. ‘ಬಿಟ್ಟಿ ಚಾಕರಿ’ ಎಂಬ ಮಾತು ಒಂದು ಸಲ ಊರಲ್ಲಿ ಹುಟ್ಟಿತೋ, ಮುಗೀತು.

2. ಜಾಗ ಯಾರದ್ದು ಅಂತ ನೋಡಿ

ಊರ ಕೆರೆ ಅಂದಮಾತ್ರಕ್ಕೆ ಪಂಚಾಯಿತಿ ಕೆರೆ ಅಲ್ಲ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಅದು ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತದೆ. ದೇವಸ್ಥಾನದ ಕಲ್ಯಾಣಿ ಮುಜರಾಯಿಗೆ ಸೇರಿರಬಹುದು. ಮುಳ್ಳಯ್ಯನಗಿರಿ ಕಡೆ ಪ್ಲಾಸ್ಟಿಕ್ ಆರಿಸಲು ಹೊರಟರೆ ಅರಣ್ಯ ಇಲಾಖೆಗೆ ಮೊದಲು ತಿಳಿಸಬೇಕು. ಒಂದು ಪತ್ರ ಬರೆದು ಸ್ವೀಕೃತಿ ಹಾಕಿಸಿಕೊಂಡರೆ ಕೆಲಸದ ದಿನ ಗಲಾಟೆ ಇರುವುದಿಲ್ಲ.

ಹಾಸನದವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹಳೆಯ ಕಲ್ಲುಗಳ ಮೇಲೆ ಎಲ್ಲರಿಗೂ ಪ್ರೀತಿ ಬಂದಿದೆ. ಒಳ್ಳೇದೇ. ಆದರೆ ಹೊಯ್ಸಳರ ಕೆತ್ತನೆ ಹೆಚ್ಚಾಗಿ ಇರುವುದು ಬಳಪದ ಕಲ್ಲಿನಲ್ಲಿ, ಅದು ಮೆದು. ತಂತಿ ಬ್ರಷ್ ಹಾಕಿ ಉಜ್ಜಿದರೆ ಪಾಚಿಯ ಜೊತೆ ಕೆತ್ತನೆಯೂ ಹೋಗುತ್ತದೆ. ಪುರಾತತ್ವ ಇಲಾಖೆಯವರು ಇಲ್ಲದೆ ಕಲ್ಲು ಮುಟ್ಟಬೇಡಿ. ಸುತ್ತಲಿನ ಕಸ ಆರಿಸಿ, ಸಾಕು.

3. ದಿನ ಗೊತ್ತು ಮಾಡುವಾಗ ತೋಟ ನೋಡಿ

ನವೆಂಬರ್‌ನಿಂದ ಕಾಫಿ ಕುಯ್ಲು ಶುರು. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ, ಹೀಗೆ ಫೆಬ್ರವರಿ ದಾಟುತ್ತದೆ. ಆಗ ಸಕಲೇಶಪುರ, ಮೂಡಿಗೆರೆ ಕಡೆ ಶ್ರಮದಾನಕ್ಕೆ ಕರೆದರೆ ನಗುತ್ತಾರೆ. ಬಯಲುಸೀಮೆಯಲ್ಲಿ ಅದೇ ಹೊತ್ತಿಗೆ ರಾಗಿ ಕೊಯ್ಲು, ಕಣ. ಜೂನ್‌ನಿಂದ ಮಳೆ. ಉಳಿಯುವುದು ಮಳೆ ಬಿಟ್ಟು ಕುಯ್ಲು ಶುರುವಾಗುವ ಮುಂಚಿನ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹಾಗೂ ಬೇಸಿಗೆಯ ಕೆಲವು ವಾರ. ಗಾಂಧಿ ಜಯಂತಿ ಸರಿಯಾಗಿ ಇದರ ನಡುವೆ ಬರುತ್ತದೆ.

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಭಯ. ಆಗ ಕಾಡಂಚಿನ ಕೆಲಸ ಇಟ್ಟುಕೊಳ್ಳಲೇಬೇಡಿ. ಅನಿವಾರ್ಯ ಎಂದಾದರೆ ಆರೋಗ್ಯ ಇಲಾಖೆಯವರನ್ನು ಕೇಳಿ, ಕಾಯಿಲೆ ಹರಡುವ ಉಣ್ಣೆ ಕಚ್ಚದಂತೆ ಹಚ್ಚುವ ಡೆಪಾ ತೈಲ ತರಿಸಿ, ಕೈಕಾಲಿಗೆ ಹಚ್ಚಿಸಿ.

ಗಂಟೆಯೂ ಮುಖ್ಯ. ಬೆಳಗ್ಗೆ 7 ಎಂದರೆ ಗಂಡಸರಿಗೆ ಅನುಕೂಲ. ಹಾಲು ಕರೆದು, ತಿಂಡಿ ಮಾಡಿ, ಮಕ್ಕಳನ್ನು ಎಬ್ಬಿಸುವ ಹೆಂಗಸು ಹೇಗೆ ಬರಬೇಕು? ಹತ್ತೂವರೆಗೆ ಇಡಿ. ಬಂದವರನ್ನು ಉಪ್ಪಿಟ್ಟು ಕೆದಕಲು ಕೂರಿಸಬೇಡಿ, ಅವರೂ ಚೀಟಿ ಎತ್ತಲಿ.

4. ಜನ ಇರುವಲ್ಲಿ ಹೋಗಿ ಕೇಳಿ

ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರೂ ಹೆಬ್ಬೆಟ್ಟು ಎತ್ತುತ್ತಾರೆ, ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಊರಿನ ಮುಕ್ಕಾಲು ಪಾಲು ಒಂದೇ ಕಡೆ ಸಿಗುವ ಜಾಗ ಹಾಲಿನ ಡೇರಿ. ಸಂಜೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತವರ ಪಕ್ಕ ಒಂದು ನೋಟ್‌ಬುಕ್ ಹಿಡಿದು ನಿಲ್ಲಿ. ಹೆಸರು, ಫೋನ್, ಯಾವ ದಿನ ಬಿಡುವು, ಏನು ಬರುತ್ತೆ. ಇಷ್ಟೇ ಕಾಲಂ. ‘ಏನು ಬರುತ್ತೆ’ ಎಂಬಲ್ಲಿ ನಿಜವಾದ ಆಸ್ತಿ ಸಿಗುತ್ತದೆ: ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ವೈರಿಂಗ್ ಕಲಿತವರು, ಒಬ್ಬಾಕೆ ಬೆಂಗಳೂರಿನಿಂದ ಮನೆಯಿಂದಲೇ ಕೆಲಸ ಮಾಡಲು ಬಂದವಳು.

ಎಲ್ಲರೂ ಗುದ್ದಲಿ ಹಿಡಿಯಬೇಕಿಲ್ಲ. ಪಂಚಾಯಿತಿ ಗ್ರಂಥಾಲಯಗಳೇ ಈಗ ಅರಿವು ಕೇಂದ್ರ. ಅಲ್ಲಿ 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು. ಮೇಷ್ಟ್ರು ಶನಿವಾರ ಒಂದು ಗಂಟೆ ಕೂತು ಕಥೆ ಓದಿದರೆ ಅದೂ ಊರ ಕೆಲಸವೇ. ಹತ್ತಿರ ಕಾಲೇಜಿದ್ದರೆ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಗೆ ಪತ್ರ ಕೊಡಿ. 1969ರಿಂದ ಇರುವ ಈ ಯೋಜನೆಯಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, 7 ದಿನದ ಶಿಬಿರವೂ ಇರುತ್ತದೆ. ಅವರಿಗೆ ಬೇಕಿರುವುದು ಕೆಲಸದ ಪಟ್ಟಿ. ನಿಮ್ಮ ಬಳಿ ಚೀಟಿ ಇದೆ, ಅಲ್ವಾ?

ಚೀಟಿಗಳನ್ನು ಮಾತ್ರ ಎಲ್ಲರ ಎದುರು ಲಾಟರಿ ಎತ್ತಿಸಿ. ಇಲ್ಲದಿದ್ದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಗಲೀಜು ಕೆಲಸ ಯಾವಾಗಲೂ ಒಂದೇ ಕೇರಿಯವರಿಗೆ, ಪೊರಕೆ ಹಿಡಿದು ಫೋಟೊಗೆ ನಿಲ್ಲುವುದು ಯಾವಾಗಲೂ ಇನ್ನೊಂದು ಬೀದಿಯವರಿಗೆ. ಹಾಗೆ ಆದರೆ ಅದನ್ನು ಶ್ರಮದಾನ ಎನ್ನಲು ನನಗೆ ನಾಚಿಕೆ. ಊಟದ ಸಾಲೂ ಒಂದೇ ಇರಲಿ.

5. ಆ ದಿನ

ಗುದ್ದಲಿ, ಬಾಣಲಿ, ಕೈಗವಸು, ಕುಡಿಯುವ ನೀರು, ಗಾಯಕ್ಕೆ ಔಷಧಿ ಹಿಂದಿನ ಸಂಜೆಯೇ ಬರಲಿ. ಖರ್ಚಿಗೆ ಸಾಮಾನ್ಯ ಸಭೆಯಲ್ಲಿ ಮೊದಲೇ ತೀರ್ಮಾನ ಮಾಡಿ ನಡಾವಳಿ ಬರೆಸಿ. ಆಮೇಲೆ ಬಿಲ್‌ಗೆ ಅಲೆಯುವುದು ತಪ್ಪುತ್ತದೆ. ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ. ಪಕ್ಷದ ಶಾಲು, ಬಾವುಟ ಮನೆಯಲ್ಲೇ ಇರಲಿ. ಭಾಷಣ ಬೇಡ. 2 ಗಂಟೆ ಎಂದರೆ 2 ಗಂಟೆಗೆ ನಿಲ್ಲಿಸಿ, ಅರ್ಧ ಉಳಿದಿದ್ದರೂ ಪರವಾಗಿಲ್ಲ.

6. ಮುಯ್ಯಿ ತೀರಿಸಿ

ದುಡಿದು ಸುಸ್ತಾಗಿ ಕೂತ ಜನ ಬಾಯಿಬಿಟ್ಟು ಮಾತಾಡುತ್ತಾರೆ. ‘ಇಲ್ಲಿ ದೀಪ ಹೋಗಿ ಆರು ತಿಂಗಳಾಯ್ತು’, ‘ಈ ನಲ್ಲಿ ಸೋರುತ್ತೆ’. ಬರೆದುಕೊಳ್ಳಿ. ಅದರಲ್ಲಿ ಒಂದನ್ನಾದರೂ ಒಂದು ವಾರದಲ್ಲಿ ಮಾಡಿ. ಹಾರ, ಸನ್ಮಾನ ಪತ್ರಕ್ಕಿಂತ ಉರಿಯುವ ಬೀದಿ ದೀಪ ಜಾಸ್ತಿ ಜನರನ್ನು ಕರೆತರುತ್ತದೆ. ಕಾಲೇಜು ಹುಡುಗರಿಗೆ ಮಾತ್ರ ಸರ್ಟಿಫಿಕೇಟ್ ಕೊಡಿ, ಅವರಿಗೆ ಬೇಕಾಗುತ್ತದೆ. ಉಳಿದವರ ಹೆಸರನ್ನು ಗ್ರಾಮ ಸಭೆಯಲ್ಲಿ ಓದಿದರೆ ಸಾಕು.

ನಮ್ಮೂರಿಗೆ ಆಮೇಲೆ ಬಂದ ಪಿಡಿಒ ಮೇಡಂ ಹಳೇ ಕಥೆ ಕೇಳಿಸಿಕೊಂಡರು. ಏನೂ ಹೇಳಲಿಲ್ಲ. ಅಕ್ಟೋಬರ್‌ನ ಒಂದು ಭಾನುವಾರ ಶ್ರಮದಾನ ಇಟ್ಟರು, ಹತ್ತೂವರೆಗೆ. ಬೆಳಗ್ಗೆ 8ಕ್ಕೇ ಖಾಲಿ ಟ್ರ್ಯಾಕ್ಟರ್ ತಂದು ಏರಿ ಮೇಲೆ, ಡೇರಿಗೆ ಹೋಗುವ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದರು. ಕ್ಯಾನ್ ಹಿಡಿದು ವಾಪಸ್ ಬರುತ್ತಿದ್ದ ಪಕ್ಕದ ಮನೆ ಅಜ್ಜ ಟ್ರ್ಯಾಕ್ಟರ್ ಸುತ್ತ ಒಂದು ಸುತ್ತು ಹಾಕಿದರು. ‘ಡ್ರೈವರ್ ಇದಾನೇನಪ್ಪಾ?’ ಎಂದರು. ಇದ್ದ. ಅಜ್ಜ ಮನೆಗೆ ಹೋಗಿ ಕ್ಯಾನ್ ಇಟ್ಟು, ಕುಡುಗೋಲು ತಗೊಂಡು ಬಂದರು.