ಬಚ್ಚಿಟ್ಟವರು ಯಾರು? ಇತಿಹಾಸ, ರಾಜಕೀಯ ಮತ್ತು ಸಂಗೀತದ ಸಾಕ್ಷ್ಯಚಿತ್ರಗಳನ್ನು ಆರಿಸಿ ನೋಡುವ ಬಗೆ

‘ಮುಚ್ಚಿಟ್ಟ ಇತಿಹಾಸ’ ಎಂಬ ಹಣೆಪಟ್ಟಿ ಹೊತ್ತ ಸಾಕ್ಷ್ಯಚಿತ್ರಗಳಿಗೆ ಈಗ ಬರವಿಲ್ಲ. ಅವುಗಳಲ್ಲಿ ಬಹಳಷ್ಟು ಚಿತ್ರಗಳು ಯಾರೂ ಮುಚ್ಚಿಡದ ಸಂಗತಿಯನ್ನೇ ಗಡಸು ದನಿಯ ನಿರೂಪಣೆಯಲ್ಲಿ, ಮಬ್ಬು ಬೆಳಕಿನಲ್ಲಿ ಮತ್ತೊಮ್ಮೆ ಹೇಳುತ್ತವೆ. ಆದುದರಿಂದ ಯಾವ ಚಿತ್ರವನ್ನು ನೋಡಬೇಕೆಂದು ತೀರ್ಮಾನಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಸಂಗತಿಯನ್ನು ಬಚ್ಚಿಟ್ಟವರು ಯಾರು, ಮತ್ತು ಹೇಗೆ ಬಚ್ಚಿಟ್ಟರು? ಸರ್ಕಾರವೇ ಕಡತಕ್ಕೆ ಬೀಗ ಹಾಕಿರಬಹುದು. ಗೊತ್ತಿದ್ದೂ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿರಬಹುದು. ಅಥವಾ ಕೊಳ್ಳುವವರಿಲ್ಲವೆಂಬ ಒಂದೇ ಕಾರಣಕ್ಕೆ ರೀಲುಗಳು ನೆಲಮಾಳಿಗೆಯನ್ನು ಸೇರಿರಬಹುದು. ಮೊದಲ ಅರ್ಧ ಗಂಟೆಯೊಳಗೆ ಈ ಪ್ರಶ್ನೆಗೆ ಉತ್ತರದ ಸುಳಿವನ್ನಾದರೂ ಕೊಡದ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದರೆ ನಷ್ಟವೇನೂ ಆಗುವುದಿಲ್ಲ.

ಊರೇ ಸುಮ್ಮನಿದ್ದ ಬಗೆಗೆ ಒಳ್ಳೆಯ ಉದಾಹರಣೆ ಮಾರ್ಸೆಲ್ ಓಫುಲ್ಸ್ 1969ರಲ್ಲಿ ಮುಗಿಸಿದ ‘ದ ಸಾರೋ ಆ್ಯಂಡ್ ದ ಪಿಟಿ’. ನಾಜಿ ಆಕ್ರಮಣದ ಕಾಲದಲ್ಲಿ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಎಂಬ ನಗರದ ಜನ ಹೇಗೆ ಬದುಕಿದರು, ಯಾರು ಪ್ರತಿರೋಧಿಸಿದರು, ಯಾರು ಕೈಜೋಡಿಸಿದರು ಎಂಬುದನ್ನು ನಾಲ್ಕು ಗಂಟೆಗೂ ಮೀರಿದ ಈ ಚಿತ್ರ ಅಲ್ಲಿನವರ ಬಾಯಿಂದಲೇ ಹೇಳಿಸುತ್ತದೆ. ಟೆಲಿವಿಷನ್ನಿಗಾಗಿಯೇ ತಯಾರಾದ ಈ ಚಿತ್ರವನ್ನು ಫ್ರಾನ್ಸಿನ ಟೆಲಿವಿಷನ್ ಪ್ರಸಾರ ಮಾಡಿದ್ದು 1981ರಲ್ಲಿ. ಇದರಲ್ಲಿ ಹೊಸದಾಗಿ ಪತ್ತೆಯಾದ ಗುಟ್ಟು ಕಡಿಮೆ. ಎಲ್ಲರಿಗೂ ತಿಳಿದಿದ್ದನ್ನು ಕ್ಯಾಮೆರಾದ ಎದುರು ಹೇಳಿದ್ದೇ ಅದರ ಅಪರಾಧವಾಯಿತು.

ಎರಡನೆಯ ಪ್ರಶ್ನೆ ದೃಶ್ಯಗಳ ಮೂಲವನ್ನು ಕುರಿತದ್ದು. ಕಪ್ಪು-ಬಿಳುಪಿನ ಹಳೆಯ ತುಣುಕೊಂದು ತೆರೆಯ ಮೇಲೆ ಮೂಡಿದ ಕೂಡಲೇ ನಾವು ಅದನ್ನು ಸತ್ಯವೆಂದು ಒಪ್ಪಿಬಿಡುತ್ತೇವೆ. ಆ ಅಭ್ಯಾಸವನ್ನು ಬಿಡಿಸಲು ಯಾಯೆಲ್ ಹೆರ್ಸೋನ್‌ಸ್ಕಿಯವರ ‘ಎ ಫಿಲ್ಮ್ ಅನ್‌ಫಿನಿಶ್ಡ್’ (2010) ಚಿತ್ರಕ್ಕಿಂತ ಉತ್ತಮ ಔಷಧ ನನಗೆ ಗೊತ್ತಿಲ್ಲ. 1942ರ ಮೇ ತಿಂಗಳಲ್ಲಿ ನಾಜಿ ಚಿತ್ರತಂಡವೊಂದು ವಾರ್ಸಾ ನಗರದ ಯೆಹೂದ್ಯರ ಕೇರಿಯಲ್ಲಿ ಚಿತ್ರೀಕರಣ ನಡೆಸಿತು. ಯುದ್ಧಾನಂತರ ಸಿಕ್ಕ ಆ ರೀಲುಗಳನ್ನು ದಶಕಗಳ ಕಾಲ ಅನೇಕರು ನೇರ ದಾಖಲೆಯೆಂದೇ ಬಳಸಿದರು. 1998ರಲ್ಲಿ ಇನ್ನೊಂದು ರೀಲು ಪತ್ತೆಯಾದಾಗ, ಅದರಲ್ಲಿ ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆದಿದ್ದು ಕಂಡುಬಂತು: ಹಸಿದವರ ಪಕ್ಕದಲ್ಲಿ ಹೊಟ್ಟೆ ತುಂಬಿದವರು ಆರಾಮವಾಗಿ ನಡೆದುಹೋಗುವುದನ್ನು, ಊಟದ ಮೇಜಿನ ವೈಭವವನ್ನು ನಿರ್ದೇಶಿಸಿ ಮಾಡಿಸಲಾಗಿತ್ತು. ಹೆರ್ಸೋನ್‌ಸ್ಕಿಯವರು ಆ ಕೇರಿಯಲ್ಲಿ ಬದುಕುಳಿದವರನ್ನು ಚಿತ್ರಮಂದಿರದಲ್ಲಿ ಕೂರಿಸಿ ಅದೇ ರೀಲುಗಳನ್ನು ತೋರಿಸುತ್ತಾರೆ, ಮತ್ತು ನೋಡುತ್ತಿರುವ ಅವರ ಮುಖಗಳನ್ನು ನಮಗೆ ತೋರಿಸುತ್ತಾರೆ. ಇದನ್ನು ನೋಡಿದ ಮೇಲೆ ಯಾವ ಹಳೆಯ ತುಣುಕು ಕಂಡರೂ ‘ಕ್ಯಾಮೆರಾ ಯಾರ ಕೈಯಲ್ಲಿತ್ತು?’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. (ಈ ಸಂಶಯ ಹೊಸದೇನೂ ಅಲ್ಲ. ಹಿಮಪ್ರದೇಶದ ಇನುಯಿಟ್ ಜನರನ್ನು ಕುರಿತ 1922ರ ‘ನಾನೂಕ್ ಆಫ್ ದ ನಾರ್ತ್’ ಚಿತ್ರದ ನಾಯಕನ ನಿಜವಾದ ಹೆಸರು ಅಲ್ಲಾಕರಿಯಲ್ಲಾಕ್. ಬಂದೂಕು ಬಳಸುತ್ತಿದ್ದ ಜನರಿಂದ ಈಟಿಯ ಬೇಟೆಯನ್ನು ಮಾಡಿಸಿ ಚಿತ್ರಿಸಿದ್ದರು.)

ತುಣುಕುಗಳೇ ಇಲ್ಲದಿದ್ದರೆ ನಿರ್ದೇಶಕನು ಏನು ಮಾಡಬೇಕು? ನನ್ನ ದೃಷ್ಟಿಯಲ್ಲಿ ಸಾಕ್ಷ್ಯಚಿತ್ರಗಳ ನಿಜವಾದ ಸತ್ವಪರೀಕ್ಷೆ ಇಲ್ಲಿಯೇ ನಡೆಯುತ್ತದೆ, ಹಾಗಾಗಿ ಈ ಬಗೆಯ ಚಿತ್ರಗಳಿಗೆ ಹೆಚ್ಚು ಸಮಯ ಕೊಡಬೇಕೆಂದು ಸಲಹೆ ಮಾಡುತ್ತೇನೆ. ನಾಜಿಗಳು ನಡೆಸಿದ ಯೆಹೂದ್ಯರ ಸಾಮೂಹಿಕ ಹತ್ಯೆಯನ್ನು ಕುರಿತ ‘ಶೋವಾ’ (1985) ಚಿತ್ರದಲ್ಲಿ ಕ್ಲೋದ್ ಲಾಂಜ್‌ಮನ್ ಒಂದೇ ಒಂದು ಹಳೆಯ ತುಣುಕನ್ನೂ ಬಳಸಲಿಲ್ಲ. ಸುಮಾರು ಒಂಬತ್ತೂವರೆ ಗಂಟೆ ಬದುಕುಳಿದವರು, ಅಕ್ಕಪಕ್ಕದ ಹಳ್ಳಿಯವರು ಮತ್ತು ಕೊಂದವರು ಮಾತನಾಡುತ್ತಾರೆ, ಕ್ಯಾಮೆರಾ ಈಗ ಹುಲ್ಲು ಬೆಳೆದಿರುವ ನೆಲವನ್ನು ತೋರಿಸುತ್ತದೆ. ಕಾಂಬೋಡಿಯಾದ ರಿಥಿ ಪಾನ್ ಬಾಲಕನಾಗಿದ್ದಾಗ ಖಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ತಮ್ಮ ಕುಟುಂಬವನ್ನು ಕಳೆದುಕೊಂಡವರು. ಆ ಆಡಳಿತ ತೆಗೆಸಿದ ಪ್ರಚಾರದ ರೀಲುಗಳು ಉಳಿದಿವೆ, ಆದರೆ ಹಸಿವಿನ ಮತ್ತು ಸಾವಿನ ಚಿತ್ರಗಳಿಲ್ಲ. ‘ದ ಮಿಸ್ಸಿಂಗ್ ಪಿಕ್ಚರ್’ (2013) ಚಿತ್ರದಲ್ಲಿ ಅವರು ಆ ಕೊರತೆಯನ್ನು ಮಣ್ಣಿನ ಪುಟ್ಟ ಗೊಂಬೆಗಳಿಂದ ತುಂಬುತ್ತಾರೆ. ಗೊಂಬೆಗಳು ಕದಲುವುದಿಲ್ಲ; ಕದಲದಿರುವುದರಿಂದಲೇ ಅವು ನಮ್ಮನ್ನು ಬಿಡುವುದಿಲ್ಲ.

ಮೂರನೆಯ ದಾರಿ ಜೋಶುವಾ ಆಪನ್‌ಹೈಮರ್ ಹಿಡಿದದ್ದು. 1965-66ರಲ್ಲಿ ಇಂಡೋನೇಷ್ಯಾದಲ್ಲಿ ಕಮ್ಯುನಿಸ್ಟರೆಂಬ ಆರೋಪ ಹೊರಿಸಿ ಕೊಂದವರ ಸಂಖ್ಯೆಯನ್ನು ಸಾಮಾನ್ಯವಾಗಿ 5ರಿಂದ 10 ಲಕ್ಷವೆಂದು ಅಂದಾಜು ಮಾಡಲಾಗುತ್ತದೆ. ಕೊಂದವರಿಗೆ ಶಿಕ್ಷೆಯಾಗಲಿಲ್ಲ, ಅವರಲ್ಲಿ ಹಲವರು ಅಧಿಕಾರದ ನೆರಳಿನಲ್ಲಿ ಸುಖವಾಗಿ ಮುದುಕರಾದರು. ‘ದ ಆ್ಯಕ್ಟ್ ಆಫ್ ಕಿಲ್ಲಿಂಗ್’ (2012) ಚಿತ್ರದಲ್ಲಿ ನಿರ್ದೇಶಕರು ಮೇದಾನ್ ನಗರದ ಅನ್ವರ್ ಕಾಂಗೋ ಮತ್ತವನ ಸಂಗಡಿಗರಿಗೆ, ತಾವು ಮಾಡಿದ ಕೊಲೆಗಳನ್ನು ತಮಗಿಷ್ಟವಾದ ಸಿನಿಮಾ ಶೈಲಿಯಲ್ಲಿ ತಾವೇ ಅಭಿನಯಿಸಿ ತೋರಿಸಲು ಅವಕಾಶ ಕೊಡುತ್ತಾರೆ. ಒಂದು ಕಾಲದಲ್ಲಿ ಚಿತ್ರಮಂದಿರದ ಮುಂದೆ ಕಾಳಸಂತೆಯಲ್ಲಿ ಟಿಕೆಟ್ ಮಾರುತ್ತಿದ್ದ ಅವರು ಉತ್ಸಾಹದಿಂದ ವೇಷ ಕಟ್ಟುತ್ತಾರೆ. ಆರಂಭದಲ್ಲಿ ತಾರಸಿಯೊಂದರ ಮೇಲೆ ತಂತಿಯಿಂದ ಕೊರಳು ಬಿಗಿಯುವ ಬಗೆಯನ್ನು ತೋರಿಸಿ ಕುಣಿಯುವ ಅನ್ವರ್, ಕೊನೆಯಲ್ಲಿ ಅದೇ ತಾರಸಿಗೆ ಮರಳಿ ಬಂದಾಗ ಏನಾಗುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಚಿತ್ರ ಮುಗಿದ ಕೂಡಲೇ ಏಳಬಾರದು, ಕೊನೆಯ ಹೆಸರುಗಳ ಪಟ್ಟಿಯನ್ನು ಓದಬೇಕು: ಕೆಲಸ ಮಾಡಿದ ಹಲವಾರು ಮಂದಿ ಅಲ್ಲಿ ‘ಅನಾಮಿಕ’ ಎಂದೇ ದಾಖಲಾಗಿದ್ದಾರೆ. ಬಚ್ಚಿಡುವ ಕೆಲಸ ಇನ್ನೂ ಮುಗಿದಿಲ್ಲವೆಂದು ಇಡೀ ಚಿತ್ರಕ್ಕಿಂತ ಆ ಪಟ್ಟಿಯೇ ಸ್ಪಷ್ಟವಾಗಿ ಹೇಳುತ್ತದೆ.

ಈ ಚಿತ್ರವನ್ನು ಒಂಟಿಯಾಗಿ ಬಿಡಬಾರದು. ಕೊಂದವರಿಗೇ ವೇದಿಕೆ ಕೊಟ್ಟರೆಂಬ ಆಕ್ಷೇಪ ಇದರ ಮೇಲಿದೆ, ಮತ್ತು ಅದರಲ್ಲಿ ಹುರುಳಿಲ್ಲದಿಲ್ಲ. ಅದೇ ನಿರ್ದೇಶಕರ ‘ದ ಲುಕ್ ಆಫ್ ಸೈಲೆನ್ಸ್’ (2014) ಇದರ ಜೋಡಿ. ಅದರಲ್ಲಿ ಆ ಹತ್ಯಾಕಾಂಡದಲ್ಲಿ ಅಣ್ಣನನ್ನು ಕಳೆದುಕೊಂಡ, ಕನ್ನಡಕ ಕೊಡುವ ವೃತ್ತಿಯ ಆದಿ ಎಂಬವರು ಕೊಂದವರ ಮನೆಗೆ ಹೋಗಿ, ಅವರ ಕಣ್ಣು ಪರೀಕ್ಷಿಸುತ್ತಲೇ ನಿಧಾನವಾಗಿ ಪ್ರಶ್ನೆ ಕೇಳುತ್ತಾರೆ. ಮೊದಲನೆಯದನ್ನು ನೋಡಿದ ವಾರದೊಳಗೆ ಎರಡನೆಯದನ್ನು ನೋಡಿದರೆ ಒಳ್ಳೆಯದು. ಹೀಗೆ ಜೋಡಿಯಾಗಿ ನೋಡುವುದೇ ನಾನು ಕಂಡುಕೊಂಡ ಅತ್ಯಂತ ಉಪಯುಕ್ತವಾದ ಕ್ರಮ: ಒಂದು ಚಿತ್ರ ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ.

ರಾಜಕೀಯದ ಚಿತ್ರಗಳಲ್ಲಿ ಗಮನಿಸಬೇಕಾದದ್ದು ಕಾಲ: ಘಟನೆ ನಡೆಯುತ್ತಿರುವಾಗಲೇ ತೆಗೆದದ್ದೋ, ಎಲ್ಲವೂ ಮುಗಿದು ಫಲ ಗೊತ್ತಾದ ಮೇಲೆ ತೆಗೆದದ್ದೋ? ಪಾಟ್ರಿಸಿಯೋ ಗುಸ್ಮಾನ್ ಅವರ ಮೂರು ಭಾಗಗಳ ‘ದ ಬ್ಯಾಟಲ್ ಆಫ್ ಚಿಲಿ’ ಮೊದಲ ಬಗೆಯದು. 1973ರ ಸೆಪ್ಟೆಂಬರ್ 11ರಂದು ಚಿಲಿಯ ಅಧ್ಯಕ್ಷ ಅಯೆಂದೆ ಅವರ ಸರ್ಕಾರವನ್ನು ಸೇನೆ ಉರುಳಿಸುವವರೆಗಿನ ತಿಂಗಳುಗಳನ್ನು ಸಣ್ಣದೊಂದು ತಂಡ ಬೀದಿಯಲ್ಲಿ ನಿಂತು ಚಿತ್ರಿಸಿತು. ಮುಂದೇನಾಗುವುದೆಂದು ಕ್ಯಾಮೆರಾ ಹಿಡಿದವರಿಗೂ ಗೊತ್ತಿರಲಿಲ್ಲ. ಅದೇ ವರ್ಷದ ಜೂನ್ ತಿಂಗಳ ವಿಫಲ ದಂಗೆಯಲ್ಲಿ ಲಿಯೊನಾರ್ಡೊ ಹೆನ್ರಿಕ್ಸನ್ ಎಂಬ ಛಾಯಾಗ್ರಾಹಕ ತನ್ನ ಮೇಲೆ ಗುಂಡು ಹಾರಿಸುತ್ತಿರುವ ಸೈನಿಕನನ್ನೇ ಚಿತ್ರಿಸುತ್ತ ಕುಸಿದರು; ಆ ತುಣುಕು ಇದರಲ್ಲಿದೆ. ಗುಸ್ಮಾನ್ ಅವರ ಸ್ವಂತ ಛಾಯಾಗ್ರಾಹಕ ಹೋರ್ಹೆ ಮ್ಯುಲರ್ ಸಿಲ್ವಾ ಅವರನ್ನು 1974ರಲ್ಲಿ ಗುಪ್ತ ಪೊಲೀಸರು ಹಿಡಿದೊಯ್ದರು, ಅವರು ಮರಳಲಿಲ್ಲ. ರೀಲುಗಳನ್ನು ಗುಟ್ಟಾಗಿ ದೇಶದಾಚೆ ಸಾಗಿಸಿ ಕ್ಯೂಬಾದಲ್ಲಿ ಸಂಕಲನ ಮಾಡಲಾಯಿತು. ಇದರ ಜೋಡಿಯಾಗಿ ಅವರೇ 2010ರಲ್ಲಿ ಮಾಡಿದ ‘ನಾಸ್ಟಾಲ್ಜಿಯಾ ಫಾರ್ ದ ಲೈಟ್’ ಚಿತ್ರವನ್ನು ನೋಡಬೇಕು. ಅಟಕಾಮಾ ಮರುಭೂಮಿಯಲ್ಲಿ ಖಗೋಳ ವಿಜ್ಞಾನಿಗಳು ಆಕಾಶವನ್ನು ನೋಡುತ್ತಿರುವಾಗ, ಅಲ್ಲೇ ಕೆಲವು ಹೆಂಗಸರು ಕಾಣೆಯಾದ ತಮ್ಮವರ ಮೂಳೆಗಳಿಗಾಗಿ ಮರಳನ್ನು ಕೆದಕುತ್ತಿರುತ್ತಾರೆ.

ಅಧಿಕಾರದಲ್ಲಿದ್ದವರ ಸಂದರ್ಶನವನ್ನೇ ನೆಚ್ಚಿದ ಚಿತ್ರಗಳನ್ನು ಬೇರೆ ರೀತಿಯಲ್ಲಿ ನೋಡಬೇಕು. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರ, ಎರೋಲ್ ಮಾರಿಸ್ ಅವರ ‘ದ ಫಾಗ್ ಆಫ್ ವಾರ್’ (2003) ಚಿತ್ರದಲ್ಲಿ ನೇರವಾಗಿ ನಮ್ಮ ಕಣ್ಣನ್ನೇ ನೋಡಿ ಮಾತನಾಡುತ್ತಾರೆ. ಸಂದರ್ಶಕನ ಮುಖ ಕ್ಯಾಮೆರಾದ ಮಸೂರದ ಮೇಲೆಯೇ ಕಾಣುವಂತೆ ಮಾಡುವ ಉಪಕರಣದಿಂದ ಇದು ಸಾಧ್ಯವಾಗಿದೆ. ಆ ನೇರ ನೋಟಕ್ಕೆ ಮರುಳಾಗದೆ, ಅವರು ‘ನಾನು’ ಎನ್ನುವ ಜಾಗವೆಲ್ಲಿ, ‘ನಾವು’ ಎನ್ನುವ ಜಾಗವೆಲ್ಲಿ ಎಂದು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳುತ್ತ ನೋಡಿ.

ಸಂಗೀತದ ಚಿತ್ರಗಳಿಗೆ ಬಂದರೆ, ನನ್ನ ಅಳತೆಗೋಲು ಸರಳ. ಹಾಡುಗಳನ್ನು ತೆಗೆದುಹಾಕಿದರೂ ಕಥೆ ನಿಲ್ಲುವುದಾದರೆ, ಅಲ್ಲಿ ಸಂಗೀತ ಬರಿಯ ಒಗ್ಗರಣೆ. ಲೀ ಹರ್ಶ್ ಅವರ ‘ಅಮಾಂಡ್ಲಾ!’ (2002) ಹಾಗಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ವಿರೋಧಿ ಹೋರಾಟವನ್ನು ಅದು ಹಾಡುಗಳ ಮೂಲಕವೇ ಹೇಳುತ್ತದೆ. 1964ರಲ್ಲಿ ನೇಣಿಗೇರಿಸಲಾದ ಹಾಡುಗಾರ ವುಯಿಸಿಲೆ ಮಿನಿ ಅವರ ಅವಶೇಷಗಳನ್ನು ಹೊರತೆಗೆದು, 1998ರಲ್ಲಿ ಗೌರವದಿಂದ ಮತ್ತೆ ಮಣ್ಣು ಮಾಡಿದ ಸಂದರ್ಭವೂ ಅದರಲ್ಲಿ ಸೇರಿದೆ. ಬಾರ್ಬರಾ ಕಾಪಲ್ ಅವರ ‘ಹಾರ್ಲನ್ ಕೌಂಟಿ, ಯುಎಸ್ಎ’ (1976) ಚಿತ್ರದಲ್ಲಿ ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದ ಸಭೆಗೆ ವೃದ್ಧೆ ಫ್ಲಾರೆನ್ಸ್ ರೀಸ್ ಬಂದು, ನಾಲ್ಕು ದಶಕಗಳ ಹಿಂದಿನ ಮುಷ್ಕರಕ್ಕಾಗಿ ತಾವೇ ಕಟ್ಟಿದ ಹಾಡನ್ನು ಹಾಡುತ್ತಾರೆ. ಆನಂದ್ ಪಟವರ್ಧನ್ 14 ವರ್ಷ ಶ್ರಮಿಸಿ ಮುಗಿಸಿದ ‘ಜೈ ಭೀಮ್ ಕಾಮ್ರೇಡ್’ (2011) ಇತಿಹಾಸ, ರಾಜಕೀಯ, ಸಂಗೀತ ಈ ಮೂರನ್ನೂ ಒಟ್ಟಿಗೆ ಹಿಡಿದ ಅಪರೂಪದ ಕೃತಿ: 1997ರ ಜುಲೈಯಲ್ಲಿ ಮುಂಬೈಯ ದಲಿತರ ಬಡಾವಣೆ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ 10 ಮಂದಿ ಬಲಿಯಾದರು, ಅದಾದ ಕೆಲವೇ ದಿನಗಳಲ್ಲಿ ಜನಕವಿ ವಿಲಾಸ್ ಘೋಗ್ರೆ ಜೀವ ತೊರೆದರು, ಚಿತ್ರ ಆ ದುಃಖದಿಂದ ಹೊರಟು ದಲಿತ ಹಾಡುಪರಂಪರೆಯ ಉದ್ದಕ್ಕೂ ಸಾಗುತ್ತದೆ.

ಯೋಹಾನ್ ಗ್ರಿಮೋನ್‌ಪ್ರೆ ಅವರ ‘ಸೌಂಡ್‌ಟ್ರ್ಯಾಕ್ ಟು ಎ ಕೂ ದೆತಾ’ (2024) ಇನ್ನೊಂದು ಬಗೆಯ ಸಾಹಸ. ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರ ಪದಚ್ಯುತಿ ಮತ್ತು 1961ರ ಜನವರಿಯ ಕೊಲೆಯನ್ನು ಅದು ಜಾಜ್ ಸಂಗೀತದೊಂದಿಗೆ ಹೆಣೆಯುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್ ಸದ್ಭಾವನೆಯ ರಾಯಭಾರಿಯಾಗಿ 1960ರಲ್ಲಿ ಕಾಂಗೋಕ್ಕೆ ಹೋಗುತ್ತಾರೆ, ಅದೇ ಹೊತ್ತಿಗೆ ತೆರೆಮರೆಯಲ್ಲಿ ಸಂಚು ನಡೆಯುತ್ತಿರುತ್ತದೆ. ಕೊಲೆಯ ಸುದ್ದಿ ತಿಳಿದ ಮೇಲೆ ಗಾಯಕಿ ಆ್ಯಬಿ ಲಿಂಕನ್ ಮತ್ತು ತಾಳವಾದ್ಯಗಾರ ಮ್ಯಾಕ್ಸ್ ರೋಚ್ ಇತರರೊಡನೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಭೆಗೆ ನುಗ್ಗಿ ಪ್ರತಿಭಟಿಸುತ್ತಾರೆ. ವೇಗವಾದ ಈ ಚಿತ್ರದಲ್ಲಿ ಉಲ್ಲೇಖಗಳ ಮೂಲಗ್ರಂಥ ಮತ್ತು ಪುಟಸಂಖ್ಯೆ ತೆರೆಯ ಮೇಲೆಯೇ ಬರುತ್ತವೆ. ಮನೆಯಲ್ಲಿ ನೋಡುವವರು ಅಲ್ಲಲ್ಲಿ ನಿಲ್ಲಿಸಿ ಬರೆದುಕೊಳ್ಳಬೇಕು.

ಎಚ್ಚರಿಕೆಯಿಂದ ಸವಿಯಬೇಕಾದ ಚಿತ್ರಗಳೂ ಇವೆ. ಆಸ್ಕರ್ ಪಡೆದ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ (2012), ಅಮೆರಿಕದಲ್ಲಿ ಸೋತು ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾದ ಗಾಯಕ ರೊಡ್ರಿಗೆಸ್ ಅವರ ಕಥೆಯನ್ನು ಅದ್ಭುತವಾಗಿ ಹೇಳುತ್ತದೆ. ಆದರೆ ಅವರು 1979 ಮತ್ತು 1981ರಲ್ಲಿ ಆಸ್ಟ್ರೇಲಿಯಾ ಪ್ರವಾಸ ಮಾಡಿ ಹಾಡಿದ್ದನ್ನು ಪೂರ್ತಿ ಬಿಟ್ಟುಬಿಡುತ್ತದೆ. ಹೇಳಿದ್ದರೆ ‘ಕಾಣೆಯಾದ ಗಾಯಕ’ನ ಬೆರಗು ಕುಂದುತ್ತಿತ್ತು. ‘ಸಮರ್ ಆಫ್ ಸೋಲ್’ (2021) ಕೂಡ ಇಂಥದ್ದೇ ಒಂದು ಸಣ್ಣ ಅತಿಶಯದ ಜೊತೆ ಬಂದಿತು. 1969ರ ಬೇಸಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆದ ಸಂಗೀತೋತ್ಸವದ ಸುಮಾರು 40 ಗಂಟೆಗಳ ಚಿತ್ರೀಕರಣ ಅರ್ಧ ಶತಮಾನ ಧೂಳು ತಿಂದದ್ದು ನಿಜ, ಆದರೆ ಅದರ ಕೆಲವು ಭಾಗ ಆ ವರ್ಷವೇ ಟೆಲಿವಿಷನ್ನಿನಲ್ಲಿ ಬಂದಿತ್ತು. ಈ ಎರಡೂ ಚಿತ್ರಗಳನ್ನು ನಾನು ಬಿಡುವುದಿಲ್ಲ, ಇತರರಿಗೂ ಹೇಳುತ್ತೇನೆ. ಬಿಟ್ಟುಹೋದದ್ದು ಏನೆಂದು ತಿಳಿದು ನೋಡಿದರೆ ಸಾಕು. ಹಾಗೆಯೇ ರಿಥಿ ಪಾನ್ ಅವರ ಗೊಂಬೆಗಳನ್ನು ನೋಡಿದವರು ಜಾನ್ ಪಿರೋಜಿಯವರ ‘ಡೋಂಟ್ ಥಿಂಕ್ ಐ ಹ್ಯಾವ್ ಫರ್ಗಾಟನ್’ (2014) ಚಿತ್ರವನ್ನು ಮರೆಯಬಾರದು. ಸಿನ್ ಸಿಸಾಮೂತ್, ರೋಸ್ ಸೆರೆಸೊತಿಯಾ ಮೊದಲಾದ ಕಾಂಬೋಡಿಯಾದ ಗಾಯಕರ ಬದುಕು ಖಮೇರ್ ರೂಜ್ ಕಾಲದಲ್ಲಿ ಮುಗಿದುಹೋಯಿತು, ಅವರ ದನಿ ಮಾತ್ರ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ.

ನೋಡುವ ಏರ್ಪಾಟಿನ ಬಗ್ಗೆ ನಾಲ್ಕು ಮಾತು ಸಾಕು. ಬೇರೆ ಭಾಷೆಯ ದನಿ ಕೂಡಿಸಿದ ಆವೃತ್ತಿಯನ್ನು ಬಿಟ್ಟು ಸಬ್‌ಟೈಟಲ್ ಇರುವುದನ್ನೇ ಆರಿಸಿ. ಸಾಕ್ಷಿಯೊಬ್ಬನ ತಡವರಿಕೆಯೂ ಸಾಕ್ಷ್ಯದ ಭಾಗ. ಒಂದೇ ಚಿತ್ರಕ್ಕೆ ಹಲವು ಅವಧಿಯ ಆವೃತ್ತಿಗಳಿರುತ್ತವೆ: ‘ದ ಆ್ಯಕ್ಟ್ ಆಫ್ ಕಿಲ್ಲಿಂಗ್’ ಚಿತ್ರದ ನಿರ್ದೇಶಕರ ಆವೃತ್ತಿ ಸುಮಾರು 2 ಗಂಟೆ 40 ನಿಮಿಷದ್ದು, ಸಾಧ್ಯವಾದರೆ ಅದನ್ನೇ ನೋಡಿ. ‘ಶೋವಾ’ವನ್ನು ನಾಲ್ಕು ದಿನಗಳಿಗೆ ಹಂಚಿಕೊಂಡರೆ ತಪ್ಪಿಲ್ಲ. ಮೊದಲ ಸಲ ವಿಮರ್ಶೆ ಓದದೆ ನೋಡಿ, ಅನಂತರ ಚಿತ್ರವನ್ನು ಒಪ್ಪದವರ ಒಂದು ಬರಹವನ್ನಾದರೂ ಓದಿ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನನ್ನ ಉತ್ತರ ನಾಜಿ ಶಿಬಿರಗಳನ್ನು ಕುರಿತ ಅಲಾಂ ರೆನೆ ಅವರ ‘ನೈಟ್ ಆ್ಯಂಡ್ ಫಾಗ್’ (1956). ಅದರ ಅವಧಿ 32 ನಿಮಿಷ ಮಾತ್ರ. ನಿರೂಪಣೆಯನ್ನು ಬರೆದವರು ನಾಜಿ ಶಿಬಿರದಿಂದ ಬದುಕಿ ಬಂದ ಕವಿ ಜಾಂ ಕೇರೋಲ್, ಸಂಗೀತ ಕೊಟ್ಟವರು 1948ರಲ್ಲಿ ರಾಜಕೀಯ ಕಾರಣಕ್ಕಾಗಿ ಅಮೆರಿಕದಿಂದ ಹೊರಹಾಕಲ್ಪಟ್ಟ ಹಾನ್ಸ್ ಐಸ್ಲರ್. ಯೆಹೂದ್ಯರ ಹೆಸರು ಇದರಲ್ಲಿ ಬರುವುದು ತೀರ ಅಪರೂಪ ಎಂಬ ಟೀಕೆ ನ್ಯಾಯವಾದದ್ದೇ, ‘ಶೋವಾ’ ಇದರ ಜೋಡಿಯಾಗಬೇಕಾದದ್ದು ಅದಕ್ಕಾಗಿಯೇ. ಇದರಲ್ಲಿ ಫ್ರಾನ್ಸಿನ ಪಿತಿವಿಯೇ ಶಿಬಿರದ ಒಂದು ಸ್ಥಿರಚಿತ್ರವಿದೆ, ಅದರಲ್ಲಿ ಕಾವಲಿಗೆ ನಿಂತವನ ತಲೆಯ ಮೇಲೆ ಫ್ರೆಂಚ್ ಪೊಲೀಸರ ಟೊಪ್ಪಿಗೆಯಿತ್ತು. ಸೆನ್ಸಾರ್ ಅದನ್ನು ಮರೆಮಾಡಬೇಕೆಂದು ಪಟ್ಟು ಹಿಡಿದಾಗ, ಟೊಪ್ಪಿಗೆಯ ಮೇಲೆ ತೊಲೆಯಂಥ ಆಕಾರವೊಂದನ್ನು ಬಳಿದು ಮುಚ್ಚಲಾಯಿತು. ಎಷ್ಟೋ ವರ್ಷಗಳ ಬಳಿಕ ಆ ಬಣ್ಣವನ್ನು ತೆಗೆದ ಪ್ರತಿಗಳು ಬಂದವು. ನಿಮಗೆ ಸಿಕ್ಕಿರುವ ಪ್ರತಿಯಲ್ಲಿ ಕಾಣುವುದು ತೊಲೆಯೋ ಟೊಪ್ಪಿಗೆಯೋ ಎಂದು ಅಲ್ಲಿ ಒಂದು ಕ್ಷಣ ನಿಲ್ಲಿಸಿ ನೋಡಿ.