ದೇಶಕ್ಕೊಬ್ಬರಂತೆ ಚದುರಿದ ಗೆಳೆಯರ ಜೊತೆ ರೋಲ್‌ಪ್ಲೇ ಆಟ: ಶುರು ಮಾಡುವುದು ಹೇಗೆ?

ಓದು ಮುಗಿದ ಮೇಲೆ ಗೆಳೆಯರು ಒಬ್ಬೊಬ್ಬರು ಒಂದೊಂದು ದಿಕ್ಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ, ಒಂದೆರಡು ಮೀಮ್, ಅಲ್ಲಿಗೆ ಮುಗಿಯಿತು. ವಿಡಿಯೊ ಕಾಲ್ ಮಾಡಿದರೂ 'ಮತ್ತೇನು ಸಮಾಚಾರ' ಅನ್ನುವುದು ಮೂರನೇ ಸಲ ಬರುವಷ್ಟರಲ್ಲಿ ಮಾತು ಖಾಲಿ. ಕೂಡಿ ಮಾಡಲು ಏನಾದರೂ ಇದ್ದರೆ ಮಾತು ತಾನಾಗಿಯೇ ಬರುತ್ತದೆ. ಅದಕ್ಕೆ ಹೇಳಿ ಮಾಡಿಸಿದಂತಿದೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್.

ಗೊತ್ತಿಲ್ಲದವರಿಗೆ ಎರಡೇ ಮಾತು. ಒಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ. ಉಳಿದವರಿಗೆ ತಲಾ ಒಂದು ಪಾತ್ರ. ಜಿಎಂ ಸನ್ನಿವೇಶ ಹೇಳುತ್ತಾರೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳಿಸುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಬಂದಾಗ ಇದು ಒಂದೇ ಮೇಜಿನ ಸುತ್ತ ಕೂತವರ ಆಟ. ಈಗ ಆ ಮೇಜು ಬೇಕಾಗಿಲ್ಲ.

ಇಂಥ ಗುಂಪುಗಳು ಒಡೆಯುವುದು ರೂಲ್ಸ್ ಕಷ್ಟ ಅಂತಲ್ಲ, ಕಥೆ ಚೆನ್ನಾಗಿಲ್ಲ ಅಂತಲೂ ಅಲ್ಲ. 'ಈ ವಾರ ಆಗಲ್ಲ ಕಣ್ರೋ, ಮುಂದಿನ ವಾರ ನೋಡೋಣ' ಅನ್ನುವ ಒಂದು ಮೆಸೇಜು ಸಾಕು. ಹಾಗಾಗಿ ಈ ಲೇಖನದಲ್ಲಿ ಡ್ರ್ಯಾಗನ್‌ಗಿಂತ ಕ್ಯಾಲೆಂಡರ್‌ಗೇ ಜಾಗ ಜಾಸ್ತಿ.

ಯಾರನ್ನು ಕರೆಯಬೇಕು

ಜಿಎಂ ಬಿಟ್ಟು ಮೂರರಿಂದ ನಾಲ್ಕು ಜನ. ಐದು ಜನರಾದರೂ ನಡೆಯುತ್ತದೆ, ಆರು ಬೇಡ. ಎದುರುಬದುರು ಕೂತಾಗ ಇಬ್ಬರು ಪಿಸುಗುಟ್ಟುತ್ತಿದ್ದರೂ ಆಟ ಮುಂದೆ ಹೋಗುತ್ತದೆ. ಕಾಲ್‌ನಲ್ಲಿ ಹಾಗಲ್ಲ, ಒಂದು ಹೊತ್ತಿಗೆ ಒಂದೇ ದನಿ ಕೇಳಬೇಕು. ಆರು ಜನರಿದ್ದರೆ ಸರದಿ ಬರುವಷ್ಟರಲ್ಲಿ ಆರನೆಯವರು ಇನ್ನೊಂದು ಟ್ಯಾಬ್ ತೆರೆದು ಏನೋ ಓದುತ್ತಿರುತ್ತಾರೆ.

ದೊಡ್ಡ ಗುಂಪಿನಲ್ಲಿ 'ಯಾರು ಬರ್ತೀರಾ?' ಅಂತ ಕೇಳಬೇಡಿ. ಹನ್ನೊಂದು ಹೆಬ್ಬೆರಳು ಬರುತ್ತವೆ, ಆಟದ ದಿನ ಇಬ್ಬರು ಬರುತ್ತಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯಿರಿ. ಎಷ್ಟು ದಿನ, ಎಷ್ಟು ಹೊತ್ತು ಎಂಬುದು ಅದರಲ್ಲೇ ಇರಲಿ. ಉದಾಹರಣೆಗೆ ಹೀಗೆ:

'ಒಂದು ಆಟ ಶುರು ಮಾಡ್ತಿದೀನಿ. ನಾಲ್ಕೇ ಸೆಷನ್, ಎರಡು ವಾರಕ್ಕೊಂದು, ಒಂದೊಂದು ಎರಡೂವರೆ ಗಂಟೆ. ರೂಲ್ಸ್ ಗೊತ್ತಿರಬೇಕು ಅಂತೇನಿಲ್ಲ. ಬರ್ತೀಯಾ? ಆಗಲ್ಲ ಅಂದ್ರೂ ಬೇಜಾರಿಲ್ಲ, ಈಗಲೇ ಹೇಳ್ಬಿಡು.'

ಕೊನೆಯ ಸಾಲು ಮುಖ್ಯ. ದಾಕ್ಷಿಣ್ಯಕ್ಕೆ ಹೂಂ ಅಂದವರು ಎರಡನೇ ಸೆಷನ್‌ಗೆ ಕೈಕೊಡುತ್ತಾರೆ. 'ನಾಲ್ಕೇ ಸೆಷನ್' ಅನ್ನುವುದೂ ಅಷ್ಟೇ ಮುಖ್ಯ. ಕೊನೆ ಕಾಣುವ ಕೆಲಸಕ್ಕೆ ಜನ ಒಪ್ಪುತ್ತಾರೆ. ವರ್ಷಗಟ್ಟಲೆ ನಡೆಯುವ ಮಹಾಕಥೆ ಅಂದರೆ ಹೊಸಬರು ಅಲ್ಲೇ ಹಿಂದೇಟು ಹಾಕುತ್ತಾರೆ.

ದಿನ ಮತ್ತು ಹೊತ್ತು

ಪ್ರತಿ ಸಲವೂ ಹೊಸದಾಗಿ ದಿನ ಹುಡುಕುವ ಗುಂಪು ಬಾಳುವುದಿಲ್ಲ. ಒಂದೇ ಒಂದು ಸಲ ಕೂತು ಹುಡುಕಿ, ಆಮೇಲೆ ಅದನ್ನೇ ಹಿಡಿದುಕೊಳ್ಳಿ. 'ವೆನ್2ಮೀಟ್' ಎಂಬ ಉಚಿತ ಜಾಲತಾಣವಿದೆ, ಅಕೌಂಟ್ ಕೂಡ ಬೇಕಿಲ್ಲ. ಎಲ್ಲರೂ ತಮ್ಮ ಬಿಡುವಿನ ಗಂಟೆಗಳಿಗೆ ಬಣ್ಣ ಹಚ್ಚುತ್ತಾರೆ. ಹೆಚ್ಚು ಜನರ ಬಿಡುವು ಕೂಡಿದ ಕಡೆ ಬಣ್ಣ ಗಾಢವಾಗುತ್ತದೆ. ಅಲ್ಲಿಗೆ ಚರ್ಚೆ ಮುಗಿಯಿತು.

ಟೈಮ್ ಝೋನ್ ಎಷ್ಟು ಕಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಒಬ್ಬರು ಲಂಡನ್, ಒಬ್ಬರು ನ್ಯೂಯಾರ್ಕ್, ಒಬ್ಬರು ಸಿಡ್ನಿ. ಮೂವರೂ ಎಚ್ಚರವಿರುವ ಹೊತ್ತೇ ಸಿಗುವುದಿಲ್ಲ ಅನಿಸುತ್ತದೆ, ಅಲ್ವಾ? ಸಿಗುತ್ತದೆ. ಜುಲೈನಲ್ಲಿ ಲಂಡನ್‌ನಲ್ಲಿ ಶನಿವಾರ ರಾತ್ರಿ 10 ಆದಾಗ ನ್ಯೂಯಾರ್ಕ್‌ನಲ್ಲಿ ಅದೇ ದಿನ ಸಂಜೆ 5, ಸಿಡ್ನಿಯಲ್ಲಿ ಭಾನುವಾರ ಬೆಳಗ್ಗೆ 7. ಯಾರಿಗೂ ಪೂರ್ತಿ ಹಿತವಲ್ಲ, ಆದರೆ ಯಾರೂ ನಡುರಾತ್ರಿ ಅಲಾರಂ ಇಟ್ಟು ಏಳಬೇಕಿಲ್ಲ. ತಡರಾತ್ರಿಯ ಪಾಲು ಯಾವಾಗಲೂ ಒಬ್ಬರಿಗೇ ಬೀಳುತ್ತಿದ್ದರೆ ಮಾತ್ರ ನಾಲ್ಕು ಸೆಷನ್ ಆದ ಮೇಲೆ ಹೊತ್ತು ಬದಲಿಸಿ.

ಇಷ್ಟಕ್ಕೇ ಮುಗಿಯಲಿಲ್ಲ. ಬೇಸಿಗೆ ಬಂತೆಂದು ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳೆಲ್ಲ ಒಂದೇ ದಿನ ಹಾಗೆ ಮಾಡುವುದಿಲ್ಲ. ಅಮೆರಿಕದಲ್ಲಿ ಅದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್–ನ್ಯೂಯಾರ್ಕ್ ಅಂತರ 5 ಗಂಟೆಯ ಬದಲು 4. ಲಂಡನ್ನಿನ ರಾತ್ರಿ 10ಕ್ಕೆ ಆಟ ಅಂದುಕೊಂಡಿದ್ದರೆ ನ್ಯೂಯಾರ್ಕ್‌ನವರು ಎಂದಿನಂತೆ ಸಂಜೆ 5ಕ್ಕೇ ಬಂದು ಒಂದು ಗಂಟೆ ಒಬ್ಬರೇ ಕೂತಿರುತ್ತಾರೆ. ಗಡಿಯಾರ ಹಿಂದಿಡುವಾಗಲೂ ಇದೇ ಕಥೆ: ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ಸಿಡ್ನಿಯಲ್ಲಿ ಎಲ್ಲವೂ ಉಲ್ಟಾ. ಅಲ್ಲಿ ಅಕ್ಟೋಬರ್‌ನಲ್ಲಿ ಮುಂದಕ್ಕೆ, ಏಪ್ರಿಲ್‌ನಲ್ಲಿ ಹಿಂದಕ್ಕೆ. ಜುಲೈನಲ್ಲಿ 7ಕ್ಕೆ ಏಳುತ್ತಿದ್ದವರು ಜನವರಿಯಲ್ಲಿ 9ರವರೆಗೆ ಮಲಗಬಹುದು.

ಪರಿಹಾರ ಸುಲಭ. ಯಾರಾದರೂ ಒಬ್ಬರ ಊರಿನ ಗಡಿಯಾರವೇ ಆಟದ ಗಡಿಯಾರ ಎಂದು ತೀರ್ಮಾನಿಸಿ. ಅವರು ಗೂಗಲ್ ಕ್ಯಾಲೆಂಡರ್‌ನಲ್ಲಿ ಮರುಕಳಿಸುವ ಆಹ್ವಾನ ಹಾಕಲಿ. ಪ್ರತಿಯೊಬ್ಬರಿಗೂ ಅದು ಅವರವರ ಊರಿನ ಹೊತ್ತಿನಲ್ಲೇ ಕಾಣುತ್ತದೆ. ಬಾಯಲ್ಲಿ 'ರಾತ್ರಿ 8ಕ್ಕೆ' ಅನ್ನುವುದನ್ನು ನಿಲ್ಲಿಸಿ. ಯಾರ ರಾತ್ರಿ?

ಇನ್ನು ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಒಬ್ಬರು ಬರದಿದ್ದರೂ ಆಟ ನಡೆಯಬೇಕು. ನಾಲ್ವರು ಆಟಗಾರರಿದ್ದರೆ ಮೂವರು ಬಂದರೆ ಆಟ. ಇಬ್ಬರೇ ಬಂದರೆ ಆ ಹೊತ್ತಿಗೆ ಬೇರೊಂದು ಚಿಕ್ಕ ಆಟ, ಇಲ್ಲವೇ ಸುಮ್ನೆ ಹರಟೆ. ಆದರೆ ಆ ಹೊತ್ತನ್ನು ಮಾತ್ರ ರದ್ದು ಮಾಡಬೇಡಿ. ಬಾರದವರ ಪಾತ್ರ ಏನಾಗುತ್ತದೆ ಎಂದು ಮೊದಲೇ ಮಾತಾಡಿಕೊಂಡಿರಿ: ಬಿಡಾರ ಕಾಯುತ್ತಾ ಕೂತಿದೆ, ಜ್ವರ ಬಂದು ಮಲಗಿದೆ, ಏನಾದರೂ ಸರಿ. ಅವರಿಲ್ಲದಾಗ ಆ ಪಾತ್ರ ಸಾಯಬಾರದು, ಅಷ್ಟೇ.

ಯಾವ ಆಟ

ಹೆಚ್ಚಿನವರ ಬಾಯಿಗೆ ಮೊದಲು ಬರುವುದು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'. ಅದರ ಮೂಲ ನಿಯಮಗಳು ಉಚಿತವಾಗಿಯೇ ಸಿಗುತ್ತವೆ. 2023ರಲ್ಲಿ ಐದನೇ ಆವೃತ್ತಿಯ ನಿಯಮಗಳ ಒಂದು ದೊಡ್ಡ ಭಾಗವನ್ನು ಪ್ರಕಾಶಕರು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಆದರೆ ಯಾರಿಗೂ ಏನೂ ಗೊತ್ತಿಲ್ಲದ ಗುಂಪಿಗೆ ಅದು ಭಾರ. ಪಾತ್ರ ತಯಾರಿಸುವುದಕ್ಕೇ ಒಂದು ಸಂಜೆ ಹೋಗುತ್ತದೆ.

ನನ್ನ ಸಲಹೆ 'ಲೇಸರ್ಸ್ ಆ್ಯಂಡ್ ಫೀಲಿಂಗ್ಸ್'. ಜಾನ್ ಹಾರ್ಪರ್ ಬರೆದ ಈ ಆಟದ ಎಲ್ಲ ನಿಯಮ ಒಂದೇ ಪುಟ, ಅದೂ ಉಚಿತ. ನೀವೊಂದು ಅಂತರಿಕ್ಷ ನೌಕೆಯ ಸಿಬ್ಬಂದಿ. ನಿಮ್ಮ ಪಾತ್ರಕ್ಕೆ 2ರಿಂದ 5ರೊಳಗೆ ಒಂದು ಅಂಕಿ ಆರಿಸಿಕೊಳ್ಳುತ್ತೀರಿ. ಯಂತ್ರ, ಲೆಕ್ಕ, ತರ್ಕದ ಕೆಲಸವಾದರೆ ದಾಳದಲ್ಲಿ ಆ ಅಂಕಿಗಿಂತ ಕಡಿಮೆ ಬೀಳಬೇಕು. ಮಾತು, ಮನಸ್ಸು, ಆವೇಶದ ಕೆಲಸವಾದರೆ ಜಾಸ್ತಿ ಬೀಳಬೇಕು. 5 ಆರಿಸಿದವರು ಎಂಜಿನ್ ರಿಪೇರಿಯಲ್ಲಿ ನಿಪುಣರು, ಕ್ಷಮೆ ಕೇಳುವುದರಲ್ಲಿ ಸೊನ್ನೆ. ಇಷ್ಟು ವಿವರಿಸಲು ಹತ್ತು ನಿಮಿಷ ಸಾಕು. ಬಳಿಕ ಆಟವೇ.

ಎರಡನೇ ಸುತ್ತಿಗೆ ಏನಾದರೂ ದೊಡ್ಡದು ಬೇಕಾದರೆ 1981ರಿಂದ ನಡೆದು ಬಂದಿರುವ 'ಕಾಲ್ ಆಫ್ ಕ್ತುಲು' ನೋಡಬಹುದು. ಭಯದ ಕಥೆ, ಪತ್ತೇದಾರಿ ಕೆಲಸ. ಹೊಡೆದಾಟ ಕಡಿಮೆ, ಮಾತು ಜಾಸ್ತಿ. ಹಾಗಾಗಿ ನಕಾಶೆ ಇಲ್ಲದೆಯೂ ಕಾಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ.

ಏನೇನು ಬೇಕು

ಮೊದಲು ದನಿ, ಉಳಿದದ್ದೆಲ್ಲ ಆಮೇಲೆ. ಚಿತ್ರ ಮಸುಕಾದರೆ ಯಾರೂ ಗೊಣಗುವುದಿಲ್ಲ. ದನಿ ಒಡೆದರೆ ಅರ್ಧ ಗಂಟೆಯಲ್ಲಿ ತಲೆನೋವು. ಎಲ್ಲರಿಗೂ ಇಯರ್‌ಫೋನ್ ಕಡ್ಡಾಯ ಮಾಡಿ. ಒಬ್ಬರ ಸ್ಪೀಕರಿನ ಸದ್ದು ಅವರದೇ ಮೈಕಿಗೆ ಹೋಗಿ ಎಲ್ಲರಿಗೂ ಮಾರ್ದನಿ ಕೇಳಿಸುವುದು ಅಲ್ಲಿಗೆ ನಿಲ್ಲುತ್ತದೆ.

ಕಾಲ್‌ಗೆ ಡಿಸ್ಕಾರ್ಡ್ ಎಂಬ ಗುಂಪು ಮಾತುಕತೆಯ ಆ್ಯಪ್ ಒಳ್ಳೆಯದು. ಜೂಮ್‌ನ ಉಚಿತ ಮೀಟಿಂಗ್ 40 ನಿಮಿಷಕ್ಕೆ ಕಟ್ ಆಗುತ್ತದೆ. ಗೂಗಲ್ ಮೀಟ್‌ನಲ್ಲಿ ಮೂವರಿಗಿಂತ ಕಡಿಮೆ ಇಲ್ಲದ ಉಚಿತ ಕಾಲ್ 60 ನಿಮಿಷಕ್ಕೆ. ಡಿಸ್ಕಾರ್ಡ್‌ನಲ್ಲಿ ಆ ಗಡುವಿಲ್ಲ. ಒಬ್ಬೊಬ್ಬರ ದನಿಯನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಹುದು, ನಮ್ಮ ಬದಲು ದಾಳ ಉರುಳಿಸುವ ಬಾಟ್, ಅಂದರೆ ಪುಟ್ಟ ಪ್ರೋಗ್ರಾಂ, ಸೇರಿಸಬಹುದು, ಟಿಪ್ಪಣಿಗೆ ಬೇರೆ ಚಾನೆಲ್ ಇಡಬಹುದು.

ನಕಾಶೆ, ಅದರ ಮೇಲೆ ಪಾತ್ರಗಳ ಬದಲು ಸರಿಸುವ ಗೊಂಬೆಗಳಿರುವ ಆಟವಾದರೆ ಬ್ರೌಸರ್‌ನಲ್ಲೇ ತೆರೆಯುವ ಮೇಜುಗಳಿವೆ. 'ಔಲ್‌ಬೇರ್ ರೋಡಿಯೊ' ಎಲ್ಲಕ್ಕಿಂತ ಸರಳ: ಚಿತ್ರ ಹಾಕಿ, ಗೊಂಬೆ ಸರಿಸಿ, ಮುಗಿಯಿತು. 'ರೋಲ್20'ರಲ್ಲಿ ಪಾತ್ರದ ಶೀಟು, ದಾಳ ಎಲ್ಲ ಒಂದೇ ಕಡೆ, ಉಚಿತವಾಗಿಯೂ ಬಳಸಬಹುದು. 'ಫೌಂಡ್ರಿ'ಗೆ ದುಡ್ಡು ಕೊಡಬೇಕು, ಆದರೆ ಒಂದೇ ಸಲ, ಅದೂ ಆಟ ನಡೆಸುವವರು ಮಾತ್ರ. ಮೊದಲ ನಾಲ್ಕು ಸೆಷನ್‌ಗೆ ಇವ್ಯಾವುವೂ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ನಕಾಶೆಗೆ ನೆರಳು–ಬೆಳಕು ಕೂರಿಸುತ್ತಾ ರಾತ್ರಿಗಳನ್ನು ಕಳೆದು, ಆಟ ಶುರುವಾಗುವ ಮುಂಚೆಯೇ ಸುಸ್ತಾಗುವ ಜಿಎಂಗಳು ಬೇಕಾದಷ್ಟಿದ್ದಾರೆ.

ದಾಳವನ್ನು ಮನೆಯಲ್ಲೇ ಉರುಳಿಸಿ ಸಂಖ್ಯೆ ಹೇಳಿದರೂ ನಡೆಯುತ್ತದೆ. ಗೆಳೆಯರಲ್ವಾ, ನಂಬಬಹುದು. ಆದರೂ ಎಲ್ಲರ ಕಣ್ಣೆದುರು ಪರದೆಯ ಮೇಲೆ ಬೇಕಾದ ಅಂಕಿಯೇ ಬಿದ್ದಾಗ ಏಳುವ ಕೂಗಿನ ಮಜವೇ ಬೇರೆ. ಬಾಟ್ ಹಾಕಿಕೊಳ್ಳಿ.

ಆಟಕ್ಕೆ ಮುಂಚಿನ ಒಂದು ಕೂಟ

ಆಡುವವರು ಇದನ್ನು 'ಸೆಷನ್ ಝೀರೋ' ಅನ್ನುತ್ತಾರೆ. ಒಂದು ಗಂಟೆ ಸಾಕು. ಕಥೆ ತಮಾಷೆಯದೋ ಗಂಭೀರವೋ, ಪಾತ್ರಗಳಿಗೆ ಒಬ್ಬರಿಗೊಬ್ಬರು ಹೇಗೆ ಪರಿಚಯ, ಆಟ ಯಾವ ಭಾಷೆಯಲ್ಲಿ, ಕ್ಯಾಮೆರಾ ಬೇಕೋ ಬೇಡವೋ, ಎಲ್ಲ ಇಲ್ಲೇ ತೀರ್ಮಾನವಾಗಲಿ. ಇಯರ್‌ಫೋನ್, ಮೈಕ್ ಪರೀಕ್ಷೆಯೂ ಅವತ್ತೇ ಆಗಿಬಿಡಲಿ.

ಕಥೆಯಲ್ಲಿ ಏನು ಬರಬಾರದು ಅನ್ನುವುದನ್ನೂ ಕೇಳಿ. ಬಹುಕಾಲದ ಗೆಳೆಯರಾದರೂ ಈ ನಡುವೆ ಅವರ ಬದುಕಿನಲ್ಲಿ ಏನೇನು ಆಗಿದೆಯೋ ನಮಗೆ ಪೂರ್ತಿ ಗೊತ್ತಿರುವುದಿಲ್ಲ. ಮಕ್ಕಳಿಗೆ ಹಿಂಸೆ ಆಗುವ ದೃಶ್ಯ ಬೇಡವೇ ಬೇಡ ಅನ್ನಬಹುದು ಒಬ್ಬರು. ಸಾವು ಇರಲಿ, ವಿವರ ಬೇಡ ಅನ್ನಬಹುದು ಇನ್ನೊಬ್ಬರು. ಮೊದಲನೆಯದನ್ನು 'ಲೈನ್', ಎರಡನೆಯದನ್ನು 'ವೇಲ್' ಅನ್ನುತ್ತಾರೆ. ಜಿಎಂಗೆ ಖಾಸಗಿಯಾಗಿ ಬರೆದು ತಿಳಿಸುವ ದಾರಿಯೂ ಇರಲಿ. ಆಟದ ನಡುವೆ ಯಾರಿಗಾದರೂ ಕಸಿವಿಸಿಯಾದರೆ ಚಾಟ್‌ನಲ್ಲಿ 'ಎಕ್ಸ್' ಅಂತ ಹಾಕಿದರೆ ಸಾಕು. ಆ ದೃಶ್ಯ ಅಲ್ಲಿಗೆ ಬಿಟ್ಟು ಮುಂದಕ್ಕೆ. ಕಾರಣ ಕೇಳುವ ಹಾಗಿಲ್ಲ. ಜಾನ್ ಸ್ಟಾವ್ರೊಪೊಲೊಸ್ ಮೇಜಿನ ಆಟಕ್ಕೆಂದು ರೂಪಿಸಿದ 'ಎಕ್ಸ್ ಕಾರ್ಡ್' ಇದು. ಕಾಲ್‌ನಲ್ಲಿ ಮುಖ ಸರಿಯಾಗಿ ಕಾಣದ ಕಾರಣ ಇದರ ಅಗತ್ಯ ಇನ್ನೂ ಹೆಚ್ಚು.

ಆಟದ ಹೊತ್ತಿನಲ್ಲಿ

ಜಿಎಂ ಹೇಳುತ್ತಾರೆ: 'ಬಾಗಿಲ ಆಚೆ ಯಾರೋ ಉಸಿರಾಡುವ ಸದ್ದು. ಏನು ಮಾಡ್ತೀರಿ?' ಎರಡು ಸೆಕೆಂಡ್ ಮೌನ. ಆಮೇಲೆ ಮೂವರೂ ಒಟ್ಟಿಗೆ, 'ನಾನು...' 'ಇಲ್ಲ, ನಾನು...' 'ಸಾರಿ, ನೀನು ಹೇಳು.' 'ಪರವಾಗಿಲ್ಲ, ನೀನೇ ಹೇಳು.' ಉಸಿರಾಡುತ್ತಿದ್ದವನು ಅಷ್ಟರಲ್ಲಿ ಮನೆಗೆ ಹೋಗಿರುತ್ತಾನೆ.

ಕಾಲ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಪ್ರಶ್ನೆ ಕೇಳಬಾರದು. ಹೆಸರು ಹಿಡಿದು ಕೇಳಿ. 'ನಿನ್ನ ಕಳ್ಳನ ಕೈ ಚಿಲಕದ ಮೇಲಿದೆ. ತೆಗೀತೀಯಾ? ಮಂತ್ರವಾದಿ, ಮುಂದೆ ನಿನ್ನ ಸರದಿ, ಯೋಚಿಸ್ತಿರು.' ಒಬ್ಬರಿಗೆ ಪ್ರಶ್ನೆ, ಇನ್ನೊಬ್ಬರಿಗೆ ಮುನ್ಸೂಚನೆ. ಈ ಒಂದು ಅಭ್ಯಾಸ ಬಂದರೆ ಅರ್ಧ ಗೊಂದಲ ಹೋಯಿತು. ಬಾಯಿ ಬಿಡದೆ ಕೂತವರು ಬೇಸರಗೊಂಡಿದ್ದಾರೋ, ನೆಟ್ ಹೋಗಿದೆಯೋ, ನಾಚಿಕೊಂಡಿದ್ದಾರೋ ಗೊತ್ತಾಗುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆಯಲು ಮರೆಯಬೇಡಿ.

ಶುರುವಿನ 15 ನಿಮಿಷ ಹರಟೆಗೇ ಬಿಡಿ. ಗೆಳೆಯರು ಬಂದಿರುವುದೇ ಅದಕ್ಕೆ. ತಡೆದರೆ ಆಟದ ನಡುವೆ ನುಗ್ಗುತ್ತದೆ. ಒಂದು ಗಂಟೆಗೆ ಹತ್ತು ನಿಮಿಷದ ವಿರಾಮ. ಮೂರು ಗಂಟೆ ದಾಟಿಸಬೇಡಿ. ಪರದೆ ನೋಡಿ ದಣಿಯುವುದು ಮೇಜಿನ ಸುತ್ತ ಕೂತು ದಣಿಯುವುದಕ್ಕಿಂತ ಬೇಗ.

ಸೆಷನ್ ಮುಗಿದ ಮೇಲೆ

ಕಾಲ್ ಇಡುವ ಮುಂಚೆ ಮುಂದಿನ ಸಲ ಎಲ್ಲಿಗೆ ಹೋಗುತ್ತೀರಿ, ಏನು ಮಾಡುತ್ತೀರಿ ಎಂದು ಆಟಗಾರರನ್ನೇ ಕೇಳಿ. ಜಿಎಂ ಅಷ್ಟನ್ನೇ ತಯಾರು ಮಾಡಿಕೊಂಡರೆ ಸಾಕು. ಹಂಚಿಕೊಂಡ ಡಾಕ್ಯುಮೆಂಟ್‌ನಲ್ಲಿ ಐದಾರು ಸಾಲು ಕಥಾಸಾರ ಬರೆಯುವ ಕೆಲಸ ಆಟಗಾರರಿಗೆ ಸರದಿಯಂತೆ ಹೋಗಲಿ. ಬಾರದವರಿಗೂ ಅದೇ ಆಸರೆ. ಎಲ್ಲ ಕೆಲಸ ಜಿಎಂ ತಲೆಗೇ ಕಟ್ಟಿದರೆ ಅವರೇ ಮೊದಲು ಬಿಟ್ಟು ಹೋಗುತ್ತಾರೆ.

ಏನೇ ಮಾಡಿದರೂ ಒಟ್ಟಿಗೆ ಹೊತ್ತು ಸಿಗುತ್ತಿಲ್ಲವೇ? ಬರೆದೇ ಆಡಬಹುದು. ಜಿಎಂ ಒಂದು ಪ್ಯಾರಾ ಹಾಕುತ್ತಾರೆ, ದಿನದೊಳಗೆ ಒಬ್ಬೊಬ್ಬರು ತಮ್ಮ ಪಾತ್ರದ ಎರಡು ಮೂರು ಸಾಲು ಸೇರಿಸುತ್ತಾರೆ. ನಿಧಾನ ನಿಜ, ಒಂದು ಹೊಡೆದಾಟಕ್ಕೆ ವಾರವೇ ಹಿಡಿಯಬಹುದು. ಗಡುವು ಮಾತ್ರ ಇರಲೇಬೇಕು: 24 ಗಂಟೆಯೊಳಗೆ ಬರೆಯದಿದ್ದರೆ ಆ ಸರದಿ ಜಿಎಂ ಕೈಗೆ.

ನಾಲ್ಕನೇ ಸೆಷನ್‌ನಲ್ಲಿ ಕಥೆ ಮುಗಿಸಿ, ಎಳೆಯಬೇಡಿ. ಮುಂದಿನ ನಾಲ್ಕಕ್ಕೆ ಯಾರಿರುತ್ತಾರೆ, ಯಾರು ಬಿಡುತ್ತಾರೆ, ಜಿಎಂ ಕುರ್ಚಿ ಈ ಸಲ ಯಾರಿಗೆ ಎಂದು ಅವತ್ತೇ ಕೇಳಿ. ಬಿಡುತ್ತೇನೆ ಅಂದವರನ್ನು ಡಿಸ್ಕಾರ್ಡ್‌ನಿಂದ ತೆಗೆಯಬೇಡಿ. ಮೂರನೇ ಸುತ್ತಿಗೆ ಅವರೇ ವಾಪಸ್ ಬಂದರೂ ಬರಬಹುದು.